ಪೀಟ್ ಪಾಸಲ್‌ತ್ವೇಟ್ ಪೋಷಕ ನಟರಾಗಿಯೇ ಅಷ್ಟು ಹೆಸರಾದದ್ದು ಹೇಗೆ?
1946ರಲ್ಲಿ ಇಂಗ್ಲೆಂಡಿನ ವಾರಿಂಗ್ಟನ್‌ನಲ್ಲಿ ಹುಟ್ಟಿ, ಮೊದಲು ಶಿಕ್ಷಕರಾಗಿದ್ದ ಅವರು ಬ್ರಿಸ್ಟಲ್ ಓಲ್ಡ್ ವಿಕ್ ನಾಟಕಶಾಲೆಯಲ್ಲಿ ತರಬೇತಿ ಪಡೆದು, ಲಿವರ್‌ಪೂಲ್‌ನ ಎವ್ರಿಮನ್ ರಂಗಮಂದಿರದಲ್ಲಿ ಪಳಗಿದರು. ಟಿವಿಯ ‘ಶಾರ್ಪ್’ ಸರಣಿಯಲ್ಲಿ ಮೈ ನಡುಗಿಸುವ ಸಾರ್ಜೆಂಟ್ ಹೇಕ್ಸ್‌ವಿಲ್ ಆದವರೇ, 1993ರ ‘ಇನ್ ದ ನೇಮ್ ಆಫ್ ದ ಫಾದರ್’ ಚಿತ್ರದಲ್ಲಿ ಮಾಡದ ತಪ್ಪಿಗೆ ಸೆರೆವಾಸ ಅನುಭವಿಸುತ್ತಲೇ ತೀರಿಕೊಳ್ಳುವ ತಂದೆಯಾಗಿ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ನನ್ನ ಮಟ್ಟಿಗೆ ಅವರ ಶ್ರೇಷ್ಠ ಅಭಿನಯವಿರುವುದು 1996ರ ‘ಬ್ರಾಸ್ಡ್ ಆಫ್’ನಲ್ಲಿ: ಮುಚ್ಚುತ್ತಿರುವ ಕಲ್ಲಿದ್ದಲು ಗಣಿಯ ವಾದ್ಯವೃಂದದ ನಿರ್ದೇಶಕ ಡ್ಯಾನಿ, ಕಾಯಿಲೆಯ ನಡುವೆಯೂ ರಾಯಲ್ ಆಲ್ಬರ್ಟ್ ಹಾಲ್‌ನ ವೇದಿಕೆಯೇರಿ, ಗೆದ್ದ ಟ್ರೋಫಿಯನ್ನು ನಿರಾಕರಿಸಿ, ಕೆಲಸ ಕಳೆದುಕೊಂಡ ಕಾರ್ಮಿಕರ ಪರವಾಗಿ ಮಾತನಾಡುವಾಗ, ಆ ಎಲುಬು ಎದ್ದ ಮುಖದಲ್ಲಿ ಕೋಪವೂ ಸಂಕಟವೂ ಒಟ್ಟಿಗೇ ಕಾಣುತ್ತವೆ. 2008ರಲ್ಲಿ ಅದೇ ಎವ್ರಿಮನ್‌ಗೆ ಮರಳಿ ಶೇಕ್ಸ್‌ಪಿಯರ್‌ನ ನಾಟಕದಲ್ಲಿ ಲಿಯರ್ ದೊರೆಯಾದ ಅವರು, 2011ರ ಜನವರಿಯಲ್ಲಿ ನಿಧನರಾದರು.