ಮನಸ್ಸಿನ ಕಾಯಿಲೆ: ಕಾರಣ ಹುಡುಕುವುದು ಬೇರೆ, ತಪ್ಪಿತಸ್ಥರನ್ನು ಹುಡುಕುವುದು ಬೇರೆ

ಓದುಗರ ಪ್ರಶ್ನೆ, ಮನೋವೈದ್ಯರ ಉತ್ತರ

ಪ್ರಶ್ನೆ: ನನ್ನ ಮಗನಿಗೆ 22 ವರ್ಷ. ಕಾಲೇಜಿನ ಕೊನೆಯ ವರ್ಷದಲ್ಲಿ ಸ್ನೇಹಿತರನ್ನೆಲ್ಲ ಬಿಟ್ಟ. ಕೋಣೆಯ ಕಿಟಕಿಗೆ ಕಾಗದ ಅಂಟಿಸಿಕೊಂಡು ಒಳಗೇ ಉಳಿಯತೊಡಗಿದ. ಪಕ್ಕದ ಮನೆಯವರು ತನ್ನನ್ನು ಬೈಯುವುದು ರಾತ್ರಿಯಿಡೀ ಕೇಳಿಸುತ್ತದೆ ಎನ್ನುತ್ತಿದ್ದ. ವೈದ್ಯರು ಸ್ಕಿಜೋಫ್ರೀನಿಯಾ ಎಂದು ಹೇಳಿ ಔಷಧ ಕೊಟ್ಟ ಮೇಲೆ ಈಗ ಎಷ್ಟೋ ಮೇಲು. ಆದರೆ ‘ಓದು ಓದು ಎಂದು ನೀನು ಪೀಡಿಸಿದ್ದಕ್ಕೇ ಹೀಗಾದ’ ಎಂದು ಬಂಧುಗಳು ಹೇಳುತ್ತಾರೆ. ನಾನೇ ಕಾರಣವೇ ಡಾಕ್ಟರೇ?

ಉತ್ತರ: ಇಲ್ಲಮ್ಮ, ನೀವು ಕಾರಣರಲ್ಲ. ನಿಮ್ಮ ಸಮಾಧಾನಕ್ಕೆಂದು ಈ ಮಾತು ಹೇಳುತ್ತಿಲ್ಲ. ವೈದ್ಯಶಾಸ್ತ್ರ ಇದೇ ಪ್ರಶ್ನೆಯನ್ನು ದಶಕಗಳ ಕಾಲ ಪರೀಕ್ಷಿಸಿ ಕಂಡುಕೊಂಡ ಉತ್ತರವಿದು. ಬಂಧುಗಳು ಇಂದು ಆಡುತ್ತಿರುವ ಮಾತನ್ನು ಒಂದು ಕಾಲದಲ್ಲಿ ಮನೋವೈದ್ಯರೇ ಆಡುತ್ತಿದ್ದರು. ಪ್ರೀತಿ ತೋರದೆ ಮಗುವನ್ನು ದೂರವಿಡುವ ತಾಯಿಯೇ ಈ ಕಾಯಿಲೆಗೆ ಮೂಲ ಎಂಬ ಅಭಿಪ್ರಾಯವನ್ನು ಫ್ರೀಡಾ ಫ್ರಾಮ್ ರೈಖ್‌ಮನ್ ಎಂಬ ಮನೋವೈದ್ಯೆ 1948ರಲ್ಲಿ ಮುಂದಿಟ್ಟರು. ಅದನ್ನು ನಂಬಿದ ಒಂದು ತಲೆಮಾರಿನ ವೈದ್ಯರು, ಮಗುವಿನ ಕಾಯಿಲೆಯಿಂದ ಮೊದಲೇ ಬಸವಳಿದಿದ್ದ ತಾಯಂದಿರ ಮೇಲೆ ಅಪರಾಧದ ಹೊರೆಯನ್ನೂ ಹೊರಿಸಿದರು. ನಮ್ಮ ವೃತ್ತಿಯ ಇತಿಹಾಸದಲ್ಲಿ ಇದು ನನಗೆ ಅತ್ಯಂತ ನೋವು ತರುವ ಅಧ್ಯಾಯ.

ಆ ಅಭಿಪ್ರಾಯ ನಿಲ್ಲಲಿಲ್ಲ. 1966ರಲ್ಲಿ ಲೆನಾರ್ಡ್ ಹೆಸ್ಟನ್ ಎಂಬ ಸಂಶೋಧಕರು, ಸ್ಕಿಜೋಫ್ರೀನಿಯಾ ಇದ್ದ ತಾಯಂದಿರಿಗೆ ಹುಟ್ಟಿ, ಹುಟ್ಟಿದ ಕೆಲವೇ ದಿನಗಳಲ್ಲಿ ಅವರಿಂದ ಬೇರೆಯಾಗಿ ಬೆಳೆದ 47 ಮಂದಿಯ ವಿವರಗಳನ್ನು ಪ್ರಕಟಿಸಿದರು. ಅವರಲ್ಲಿ 5 ಮಂದಿಗೆ ಅದೇ ಕಾಯಿಲೆ ಬಂದಿತ್ತು. ಹಾಗೆಯೇ ಬೇರೆಯಾಗಿ ಬೆಳೆದ, ಆದರೆ ತಾಯಿಗೆ ಕಾಯಿಲೆ ಇಲ್ಲದ 50 ಮಂದಿಯಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಸಾಕಿದ ರೀತಿಗಿಂತ ಹುಟ್ಟಿನಿಂದ ಬಂದ ಒಲವು ಇಲ್ಲಿ ಮುಖ್ಯ ಎಂಬುದು ಇದರಿಂದ ಸ್ಪಷ್ಟವಾಯಿತು. ಹಾಗೆಂದು ವಂಶವಾಹಿಯೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಏಕೆಂದರೆ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದರೂ ಇನ್ನೊಬ್ಬರಿಗೆ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚಿಲ್ಲ. ಗರ್ಭದಲ್ಲಿ ಅಥವಾ ಹೆರಿಗೆಯಲ್ಲಿ ಆದ ತೊಡಕು, ಹದಿಹರೆಯದಲ್ಲಿ ಗಾಂಜಾ ಸೇವನೆ, ಬಾಲ್ಯದ ತೀವ್ರ ಆಘಾತ, ಇಂಥ ಹಲವು ಸಂಗತಿಗಳು ಒಂದರ ಮೇಲೊಂದು ಸೇರಿ ಅಪಾಯವನ್ನು ಹೆಚ್ಚಿಸುತ್ತವೆ. ಕಾಲೇಜಿನ ವಯಸ್ಸಿನಲ್ಲೇ ಶುರುವಾದದ್ದರಿಂದ ಓದಿನ ಒತ್ತಡವೇ ಕಾರಣವೆಂದು ನಿಮ್ಮ ಬಂಧುಗಳಿಗೆ ತೋರಿರಬಹುದು. ನಿಜವೆಂದರೆ, ಈ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೇ ಹದಿಹರೆಯದ ಕೊನೆ ಮತ್ತು ಇಪ್ಪತ್ತರ ದಶಕದಲ್ಲಿ.

ಮನೆಯ ವಾತಾವರಣ ಕಾಯಿಲೆಯನ್ನು ಹುಟ್ಟಿಸುವುದಿಲ್ಲ, ಆದರೆ ಅದರ ಮುಂದಿನ ದಾರಿಯ ಮೇಲೆ ಪ್ರಭಾವ ಬೀರುತ್ತದೆ. ಆಸ್ಪತ್ರೆಯಿಂದ ಮನೆಗೆ ಮರಳಿದವರ ಬಗ್ಗೆ ಜಾರ್ಜ್ ಬ್ರೌನ್ ಮತ್ತು ಅವರ ಸಹೋದ್ಯೋಗಿಗಳು ಲಂಡನ್ನಿನಲ್ಲಿ ಆರಂಭಿಸಿದ ಅಧ್ಯಯನಗಳು, ಸದಾ ಟೀಕೆ, ಸಿಡುಕು ಅಥವಾ ಅತಿಯಾದ ಕಾವಲು ಇರುವ ಮನೆಗಳಲ್ಲಿ ಕಾಯಿಲೆ ಹೆಚ್ಚಾಗಿ ಮರುಕಳಿಸುತ್ತದೆ ಎಂಬುದನ್ನು ತೋರಿಸಿಕೊಟ್ಟವು. ಮಗ ‘ಅವರು ಬೈಯುತ್ತಿದ್ದಾರೆ’ ಎಂದಾಗ ‘ಏನೂ ಕೇಳಿಸುತ್ತಿಲ್ಲ, ಸುಮ್ಮನಿರು’ ಎಂದು ವಾದಕ್ಕಿಳಿಯಬೇಡಿ. ಹೌದೆಂದು ಒಪ್ಪಿಕೊಳ್ಳಲೂ ಬೇಡಿ. ‘ನನಗೆ ಕೇಳಿಸುತ್ತಿಲ್ಲ, ಆದರೆ ನಿನಗೆ ಕೇಳಿಸುತ್ತಿದೆ, ಅದರಿಂದ ಭಯವಾಗುತ್ತಿದೆ ಎಂದು ಗೊತ್ತಾಗುತ್ತದೆ’ ಎಂದಷ್ಟೇ ಹೇಳಿ ಹತ್ತಿರ ಕುಳಿತುಕೊಳ್ಳಿ. ಔಷಧವನ್ನು ವೈದ್ಯರ ಮಾತಿಲ್ಲದೆ ನಿಲ್ಲಿಸದಂತೆ ನೋಡಿಕೊಳ್ಳಿ. ಗುಣ ಕಂಡ ಕೂಡಲೇ ನಿಲ್ಲಿಸಿಬಿಡುವುದು ಮರುಕಳಿಕೆಯ ಬಹು ಸಾಮಾನ್ಯ ಕಾರಣ.

ಪ್ರಶ್ನೆ: ನನಗೆ 34 ವರ್ಷ. ಮನೆಯಿಂದ ಹೊರಟ ಮೇಲೆ ಬೀಗ ಹಾಕಿದ್ದೇನೆಯೇ ಎಂದು ನೋಡಲು ಐದಾರು ಸಲ ಹಿಂದಿರುಗುತ್ತೇನೆ. ಕೈ ತೊಳೆದೂ ತೊಳೆದೂ ಬೆರಳ ಸಂದಿಯ ಚರ್ಮ ಬಿರಿದಿದೆ. ಇದು ಅರ್ಥವಿಲ್ಲದ್ದೆಂದು ನನಗೇ ಗೊತ್ತು, ಆದರೂ ಬಿಡಲಾಗುತ್ತಿಲ್ಲ. ‘ಮನಸ್ಸು ಗಟ್ಟಿ ಮಾಡಿಕೋ’ ಎನ್ನುತ್ತಾರೆ ನನ್ನ ಯಜಮಾನರು.

ಉತ್ತರ: ನೀವು ವಿವರಿಸಿರುವುದು ಗೀಳು ಕಾಯಿಲೆಯ ಲಕ್ಷಣ. ಅರ್ಥವಿಲ್ಲದ್ದೆಂದು ತಿಳಿದೂ ಬಿಡಲಾಗದಿರುವುದೇ ಇದರ ಸ್ವಭಾವ, ಆದ್ದರಿಂದ ಇದನ್ನು ಮನೋಬಲದ ಕೊರತೆ ಎಂದು ಕರೆಯುವುದು ಅನ್ಯಾಯ. ‘ಬೀಗ ಹಾಕಿಲ್ಲವೇನೋ’ ಎಂಬ ಯೋಚನೆ ಬೇಡವೆಂದರೂ ನುಗ್ಗುತ್ತದೆ, ಎದೆ ಡವಗುಟ್ಟುತ್ತದೆ, ಹಿಂದಿರುಗಿ ನೋಡಿದ ಕ್ಷಣ ನೆಮ್ಮದಿಯಾಗುತ್ತದೆ. ಆ ನೆಮ್ಮದಿಯೇ ಮೆದುಳಿಗೆ ತಪ್ಪು ಪಾಠ ಕಲಿಸುತ್ತದೆ: ನೋಡಿದ್ದರಿಂದಲೇ ಅಪಾಯ ತಪ್ಪಿತು, ಮುಂದಿನ ಸಲವೂ ನೋಡಲೇಬೇಕು ಎಂದು. ಹೀಗೆ ಪ್ರತಿ ಸಲದ ಪರೀಕ್ಷೆಯೂ ಮುಂದಿನ ಅನುಮಾನವನ್ನು ಬಲಪಡಿಸುತ್ತ ಹೋಗುತ್ತದೆ.

ಇದಕ್ಕೆ ಪರಿಣಾಮಕಾರಿಯಾದ ವರ್ತನಾ ಚಿಕಿತ್ಸೆ ಇದೆ. 1966ರಲ್ಲಿ ವಿಕ್ಟರ್ ಮೇಯರ್ ವರದಿ ಮಾಡಿದ ವಿಧಾನದಿಂದ ಬೆಳೆದುಬಂದ ಈ ಚಿಕಿತ್ಸೆಯಲ್ಲಿ, ಆತಂಕ ಹುಟ್ಟಿಸುವ ಸಂದರ್ಭವನ್ನು ತಜ್ಞರ ಮಾರ್ಗದರ್ಶನದಲ್ಲಿ ಸ್ವಲ್ಪ ಸ್ವಲ್ಪವಾಗಿ ಎದುರಿಸಿ, ತೊಳೆಯದೆ, ಹಿಂದಿರುಗಿ ನೋಡದೆ ಇರುವುದನ್ನು ಅಭ್ಯಾಸ ಮಾಡಿಸುತ್ತಾರೆ. ಒಮ್ಮೆ ಬೀಗ ಹಾಕಿ, ತಿರುಗಿ ನೋಡದೆ ರಸ್ತೆಯ ತಿರುವಿನವರೆಗೆ ನಡೆಯುವುದು ಮೊದಲ ಹೆಜ್ಜೆಯಾಗಬಹುದು. ಮೊದಲ ದಿನಗಳು ಕಷ್ಟವೇ. ಆದರೆ ಏರಿದ ಆತಂಕ ತೊಳೆಯದಿದ್ದರೂ ಇಳಿಯುತ್ತದೆ, ಇಳಿಯದಿದ್ದರೂ ತಡೆದುಕೊಳ್ಳಬಹುದು ಎಂಬುದು ಅನುಭವದಿಂದ ತಿಳಿಯುತ್ತದೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಇಲ್ಲಿಯೂ ಕೆಲಸ ಮಾಡುತ್ತವೆ, ಆದರೆ ಪೂರ್ಣ ಫಲಕ್ಕೆ 8ರಿಂದ 12 ವಾರ ಬೇಕಾಗಬಹುದು. ನಿಮ್ಮ ಯಜಮಾನರಿಗೆ ನನ್ನದೊಂದು ಕೋರಿಕೆ: ‘ಬೀಗ ಹಾಕಿದ್ದೀಯ, ನಾನೇ ನೋಡಿದೆ’ ಎಂದು ಪದೇ ಪದೇ ಭರವಸೆ ಕೊಡುವುದೂ ಗೀಳಿಗೆ ಆಸರೆಯಾಗುತ್ತದೆ, ಅದನ್ನು ಹೇಗೆ ಕಡಿಮೆ ಮಾಡಬೇಕೆಂಬುದನ್ನು ನೀವಿಬ್ಬರೂ ಚಿಕಿತ್ಸಕರ ಬಳಿ ಕುಳಿತು ನಿಶ್ಚಯಿಸಿಕೊಳ್ಳಿ.

ಪ್ರಶ್ನೆ: ನಿವೃತ್ತರಾದ ತಂದೆಯವರು ನಾಲ್ಕು ತಿಂಗಳಿಂದ ಬೆಳಗಿನ ಜಾವ ಮೂರಕ್ಕೇ ಎದ್ದು ಕತ್ತಲಲ್ಲಿ ಕುಳಿತಿರುತ್ತಾರೆ. ಪತ್ರಿಕೆ ಓದುವುದಿಲ್ಲ, ತೂಕ ಇಳಿದಿದೆ. ‘ನಾನಿದ್ದು ಯಾರಿಗೇನು ಉಪಯೋಗ’ ಎನ್ನುತ್ತಾರೆ. ಅಣ್ಣ ಇದನ್ನು ಸೋಮಾರಿತನ ಎನ್ನುತ್ತಾನೆ.

ಉತ್ತರ: ಸೋಮಾರಿಗೆ ನಿದ್ದೆ ಕೆಡುವುದಿಲ್ಲ, ತೂಕ ಇಳಿಯುವುದಿಲ್ಲ. ಕುಗ್ಗಿದ ಮನಸ್ಸು ಅಥವಾ ನಿರಾಸಕ್ತಿ ಎರಡು ವಾರ ಮೀರಿ ದಿನದ ಬಹುಪಾಲು ಇದ್ದು, ಜೊತೆಗೆ ಇಂಥ ಲಕ್ಷಣಗಳು ಸೇರಿದಾಗ ಅದನ್ನು ಖಿನ್ನತೆ ಎಂದು ಪರಿಗಣಿಸುತ್ತೇವೆ. ಮೊದಲು ದೇಹದ ತಪಾಸಣೆಯಾಗಲಿ: ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ ಮತ್ತು ಕೆಲವು ಔಷಧಗಳು ಖಿನ್ನತೆಯಂತೆಯೇ ಕಾಣುವ ಸ್ಥಿತಿಯನ್ನು ತರಬಲ್ಲವು. ಖಿನ್ನತೆಯ ಪರಿಣಾಮವೂ ಮನಸ್ಸಿಗೆ ಸೀಮಿತವಲ್ಲ. ಅದು ನೆನಪು ಮತ್ತು ಏಕಾಗ್ರತೆಯನ್ನು ಕುಗ್ಗಿಸುತ್ತದೆ, ಹೃದಯರೋಗದ ಅಪಾಯವನ್ನು ಹೆಚ್ಚಿಸುತ್ತದೆ, ಮಧುಮೇಹ ಇರುವವರು ತಮ್ಮ ಆರೈಕೆಯನ್ನೇ ಕೈಬಿಡುವಂತೆ ಮಾಡುತ್ತದೆ.

ಅವರು ಆಡಿದ ಆ ಕೊನೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ‘ಸಾಯಬೇಕು ಅನ್ನಿಸುತ್ತದೆಯೇ ಅಪ್ಪ?’ ಎಂದು ಇಂದೇ, ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯ ಆಧಾರವಿಲ್ಲದ್ದು. ಎಷ್ಟೋ ಮಂದಿಗೆ ಯಾರಾದರೂ ಕೇಳಿದರಲ್ಲ ಎಂಬುದೇ ದೊಡ್ಡ ಬಿಡುಗಡೆ. ಹೌದೆಂದರೆ ಒಬ್ಬರನ್ನೇ ಬಿಡದೆ, ಮನೆಯಲ್ಲಿರುವ ಮಾತ್ರೆ, ಕೀಟನಾಶಕಗಳನ್ನು ಕೈಗೆ ಸಿಗದಂತಿಟ್ಟು ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಇಲ್ಲವೆಂದರೂ ಈ ವಾರ ದಾಟಿಸದೆ ಮನೋವೈದ್ಯರನ್ನು ಕಾಣಿಸಿ.

ಪ್ರಶ್ನೆ: ಮನೋವೈದ್ಯರ ಮಾತ್ರೆಗಳು ಚಟವಾಗುತ್ತವೆಯೇ? ಜೀವನಪೂರ್ತಿ ನುಂಗಬೇಕೇ?

ಉತ್ತರ: ಎಲ್ಲ ಮಾತ್ರೆಗಳೂ ಒಂದೇ ಅಲ್ಲ. ಡಯಾಜೆಪಾಮ್, ಆಲ್ಪ್ರಜೋಲಾಮ್ ಮುಂತಾದ ಆತಂಕ ಮತ್ತು ನಿದ್ದೆಯ ಮಾತ್ರೆಗಳು ಹೆಚ್ಚು ಕಾಲ ತೆಗೆದುಕೊಂಡರೆ ಅವಲಂಬನೆ ತರುತ್ತವೆ. ಅವುಗಳನ್ನು ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ಕೊಳ್ಳಬಾರದು. ಖಿನ್ನತೆ ನಿವಾರಕಗಳು ಅಂಥ ಚಟ ತರುವುದಿಲ್ಲ, ಆದರೆ ಏಕಾಏಕಿ ನಿಲ್ಲಿಸಿದರೆ ತಲೆಸುತ್ತು, ತಳಮಳ ಕಾಣಿಸಬಹುದಾದ್ದರಿಂದ ಹಂತಹಂತವಾಗಿ ಇಳಿಸಬೇಕು. ಮೊದಲ ಬಾರಿ ಖಿನ್ನತೆ ಬಂದವರಲ್ಲಿ, ಪೂರ್ಣ ಗುಣವಾದ ಮೇಲೂ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಮುಂದುವರಿಸಿ ಅನಂತರ ನಿಲ್ಲಿಸುವ ಯೋಚನೆ ಮಾಡುತ್ತೇವೆ. ಮತ್ತೆ ಮತ್ತೆ ಮರುಕಳಿಸುವವರಿಗೆ ವರ್ಷಗಟ್ಟಲೆ ಬೇಕಾಗಬಹುದು. ಯಾವ ಗುಂಪಿಗೆ ನೀವು ಸೇರಿದ್ದೀರಿ ಎಂಬುದನ್ನು ನಿಮ್ಮ ವೈದ್ಯರನ್ನು ಸಂಕೋಚಪಡದೆ ಕೇಳಿ. ಔಷಧವನ್ನು ಯಾವಾಗ, ಹೇಗೆ ನಿಲ್ಲಿಸುವುದು ಎಂಬ ಮಾತು ಅದನ್ನು ಆರಂಭಿಸುವ ದಿನವೇ ಆಗಬೇಕಾದದ್ದು.