ಒಂದೇ ಪಂದ್ಯಕ್ಕೆ ಮುಗಿಯುವ ಸೀಸನ್: ಪ್ರೌಢಶಾಲಾ ತಂಡಗಳ ಕುರಿತು ಓದುಗರ ಪ್ರಶ್ನೆಗಳು

ವಲಯ ಮಟ್ಟದ ಕ್ರೀಡಾಕೂಟಗಳು ಶುರುವಾಗುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಪ್ರೌಢಶಾಲೆಯ ತಂಡಗಳನ್ನು ಕುರಿತವೇ ಆಗಿರುತ್ತವೆ. ಬೆಂಗಳೂರಿನ ಬೇರೆ ಬೇರೆ ಬಡಾವಣೆಗಳಿಂದ ಬಂದ ಐದು ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗಳು ಹತ್ತನೇ ತರಗತಿ ಓದುತ್ತಿದ್ದಾಳೆ. ಎಂಟನೇ ತರಗತಿಯಿಂದಲೂ ಶಾಲೆಯ ಖೋ-ಖೋ ತಂಡದಲ್ಲಿದ್ದಾಳೆ. ಈ ವರ್ಷ ಎಸ್‌ಎಸ್‌ಎಲ್‌ಸಿ ಇರುವುದರಿಂದ ಆಟ ಬಿಡಿಸಿ ಎಂದು ಟ್ಯೂಷನ್‌ನವರೂ ಮನೆಯ ಹಿರಿಯರೂ ಒತ್ತಾಯಿಸುತ್ತಿದ್ದಾರೆ. ಅವಳು ಒಪ್ಪುತ್ತಿಲ್ಲ. ಏನು ಮಾಡಲಿ?
– ಒಬ್ಬ ತಾಯಿ, ರಾಜಾಜಿನಗರ

ಉತ್ತರ: ಬಿಡಿಸಬೇಡಿ, ತಾಯಿ. ಮೊದಲು ಕ್ಯಾಲೆಂಡರ್ ತೆಗೆದು ಒಮ್ಮೆ ನೋಡಿ. ಜೂನ್ ಹೊತ್ತಿಗೆ ಶಾಲೆಗಳು ತೆರೆದು, ಜುಲೈ-ಆಗಸ್ಟ್‌ನಲ್ಲಿ ಹೋಬಳಿ ಅಥವಾ ವಲಯ ಮಟ್ಟದ ಪಂದ್ಯಗಳು ನಡೆಯುತ್ತವೆ. ಅಲ್ಲಿ ಗೆದ್ದವರಿಗೆ ತಾಲ್ಲೂಕು ಮತ್ತು ಜಿಲ್ಲಾ ಮಟ್ಟ, ಸಾಮಾನ್ಯವಾಗಿ ದಸರಾ ರಜೆಯ ಆಸುಪಾಸಿನಿಂದ ವಿಭಾಗ ಮತ್ತು ರಾಜ್ಯ ಮಟ್ಟ, ಆಮೇಲೆ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ರಾಷ್ಟ್ರೀಯ ಕೂಟಗಳು. ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆ ಇರುವುದು ಮಾರ್ಚ್ ತಿಂಗಳ ಸುಮಾರಿಗೆ. ಶಾಲಾ ತಂಡಗಳಲ್ಲಿ ಹೆಚ್ಚಿನವು ಸೆಪ್ಟೆಂಬರ್ ಕಳೆಯುವುದರೊಳಗೆ ಸ್ಪರ್ಧೆ ಮುಗಿಸಿ ತರಗತಿಗೆ ಮರಳಿರುತ್ತವೆ. ಅಂದರೆ ಪರೀಕ್ಷೆಗೆ ಮುಂಚಿನ ಐದಾರು ತಿಂಗಳು ನಿಮ್ಮ ಮಗಳ ಕೈಯಲ್ಲೇ ಇರುತ್ತವೆ. ಆಟ ನಿಜವಾಗಿಯೂ ಓದಿಗೆ ಅಡ್ಡ ಬರುವುದು ಅವಳು ರಾಜ್ಯ ತಂಡಕ್ಕೆ ಆಯ್ಕೆಯಾಗಿ ರಾಷ್ಟ್ರೀಯ ಕೂಟಕ್ಕೆ ಹೊರಟಾಗ ಮಾತ್ರ. ಆ ಭಾಗ್ಯ ಬಂದರೆ ಆಗ ಮುಖ್ಯೋಪಾಧ್ಯಾಯರೊಡನೆ ಕುಳಿತು ತಪ್ಪಿದ ಪಾಠಗಳಿಗೆ ದಾರಿ ಹುಡುಕಬಹುದು.

ಇನ್ನೊಂದು ಸಂಗತಿಯನ್ನು ಮನೆಯ ಹಿರಿಯರಿಗೂ ತಿಳಿಸಿ ಹೇಳಿ. ಖೋ-ಖೋದಲ್ಲಿ ಬೆನ್ನಟ್ಟುವ ತಂಡದ ಎಂಟು ಮಂದಿ ಒಬ್ಬರು ಈ ಕಡೆಗೆ, ಪಕ್ಕದವರು ಆ ಕಡೆಗೆ ಮುಖ ಮಾಡಿ ಸಾಲಾಗಿ ಕುಳಿತಿರುತ್ತಾರೆ, ಒಂಬತ್ತನೆಯವಳು ಓಡುತ್ತಿರುತ್ತಾಳೆ. ಅವಳು ಹಿಂದಿನಿಂದ ಮುಟ್ಟಿ ‘ಖೋ’ ಎಂದ ಕ್ಷಣದಲ್ಲಿ ಕುಳಿತವಳು ಎದ್ದು ಯಾವ ಕಾಲು ಮುಂದಿಡುತ್ತಾಳೆ, ಕಂಬದ ಹತ್ತಿರ ಕುಳಿತವಳು ಎಷ್ಟು ಬೇಗ ಡೈವ್ ಹೊಡೆಯುತ್ತಾಳೆ ಎನ್ನುವುದು ಜೊತೆಗಾರ್ತಿಯರಿಗೆ ನೋಡದೆಯೇ ಗೊತ್ತಿರಬೇಕು. ಮೂರು ವರ್ಷ ಒಟ್ಟಿಗೆ ಆಡಿದ ಮಕ್ಕಳಲ್ಲಿ ಮಾತ್ರ ಆ ಹೊಂದಾಣಿಕೆ ಕಾಣುತ್ತದೆ. ನಿಮ್ಮ ಮಗಳು ತಂಡ ಬಿಟ್ಟರೆ ಉಳಿದ ಹುಡುಗಿಯರ ಮೂರು ವರ್ಷದ ಶ್ರಮವೂ ಅರ್ಧಕ್ಕೆ ನಿಲ್ಲುತ್ತದೆ. ಮುಂದಿನ ವರ್ಷ ಅವಳು ಪಿಯುಸಿಗೆ ಹೋದ ಮೇಲೆ ಈ ತಂಡ ಮತ್ತೆ ಕೂಡುವುದೂ ಇಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್‌ನಲ್ಲಿ ಭಾರತದ ಮಹಿಳೆಯರು ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದಾಗ, ಆ ತಂಡದಲ್ಲಿ ನಮ್ಮ ತಿರುಮಕೂಡಲು ನರಸೀಪುರ ತಾಲ್ಲೂಕಿನ ಚೈತ್ರಾ ಇದ್ದರು. ಹಳ್ಳಿಯ ಹುಡುಗಿಯೊಬ್ಬಳು ಈ ಆಟವನ್ನು ಹಿಡಿದು ಅಲ್ಲಿಯವರೆಗೆ ಹೋಗಬಹುದು ಎಂಬುದು ಈಗ ಎಲ್ಲರಿಗೂ ಗೊತ್ತು. ನಿಮ್ಮ ಮಗಳಿಂದ ಅಷ್ಟನ್ನೇ ನಿರೀಕ್ಷಿಸಬೇಕಾಗಿಲ್ಲ. ಅಭ್ಯಾಸಕ್ಕೆ ಸಂಜೆ ಮುಕ್ಕಾಲು ಗಂಟೆ ಗೊತ್ತುಮಾಡಿ, ಮನೆಗೆ ಬಂದು ಊಟ ಮಾಡಿ ಓದಲು ಕೂರುವ ಹೊತ್ತನ್ನು ಅವಳೇ ನಿಗದಿ ಮಾಡಿಕೊಳ್ಳಲಿ. ಅವಳಾಗಿಯೇ ಸಾಕೆಂದರೆ ಮಾತು ಬೇರೆ.

ಪ್ರಶ್ನೆ: ನಾನು ಒಂಬತ್ತನೇ ತರಗತಿ. ಶಾಲೆಯ ವಾಲಿಬಾಲ್ ತಂಡಕ್ಕೆ ಆಯ್ಕೆಯಾಗಿದ್ದರೂ ಕಳೆದ ವರ್ಷ ಪೂರ್ತಿ ಬೆಂಚಿನ ಮೇಲೆಯೇ ಕುಳಿತಿದ್ದೆ. ಈ ವರ್ಷವಾದರೂ ಆಡಲು ಸಿಗಬೇಕಾದರೆ ಏನು ಮಾಡಬೇಕು?
– ವಿದ್ಯಾರ್ಥಿ, ಬಸವನಗುಡಿ

ಉತ್ತರ: ಸರ್ವ್ ಕಲಿ, ಮಗು. ಹನ್ನೆರಡು ಮಂದಿಯ ತಂಡದಲ್ಲಿ ಅಂಕಣಕ್ಕೆ ಇಳಿಯುವವರು ಆರು ಜನ. ಉಳಿದವರಲ್ಲಿ ಒಬ್ಬನನ್ನು ಸೆಟ್‌ನ ನಡುವೆ ಕರೆಯುವುದು ಹೆಚ್ಚಾಗಿ ಸರ್ವ್ ಮಾಡುವುದಕ್ಕೇ. ಸ್ಮ್ಯಾಶ್ ಅಭ್ಯಾಸಕ್ಕೆ ಚೆಂಡು ಎತ್ತಿಕೊಡುವವನು ಬೇಕು, ಬ್ಲಾಕ್ ಅಭ್ಯಾಸಕ್ಕೆ ಎದುರಾಳಿ ಬೇಕು, ಸರ್ವ್‌ಗೆ ಒಂದು ಚೆಂಡು ಮತ್ತು ಒಂದು ಗೋಡೆ ಸಾಕು. ಗೋಡೆಯ ಮೇಲೆ ನೆಟ್‌ನ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಂಬತ್ತು ಮೀಟರ್ ದೂರ ನಿಂತು, ಗೆರೆಯಿಂದ ಒಂದು ಗೇಣು ಮೇಲೆ ಚೆಂಡು ಬಡಿಯುವಂತೆ ದಿನವೂ ಹೊಡೆ. ಸೋಲುವ ಹಂತದಲ್ಲಿ ಕೈ ನಡುಗದೆ ಸರ್ವ್ ಮಾಡುವ ಹುಡುಗನನ್ನು ಯಾವ ಪಿ.ಟಿ. ಮೇಷ್ಟ್ರೂ ಬೆಂಚಿನ ಮೇಲೆ ಕೂರಿಸುವುದಿಲ್ಲ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಕ. ನಮಗೆ ಆಟದ ಮೈದಾನವಿಲ್ಲ, ಪ್ರಾರ್ಥನೆಗೆ ನಿಲ್ಲುವಷ್ಟು ಅಂಗಳವಿದೆ. ಎರಡು ತಿಂಗಳು ಅಭ್ಯಾಸ ಮಾಡಿಸಿದ ಕಬಡ್ಡಿ ತಂಡ ವಲಯ ಮಟ್ಟದ ಮೊದಲ ಪಂದ್ಯದಲ್ಲೇ ಸೋತು ಬೆಳಗ್ಗೆ ಹನ್ನೊಂದಕ್ಕೆ ವಾಪಸ್ ಬಂತು. ಮಕ್ಕಳ ಮುಖ ನೋಡಲಾಗಲಿಲ್ಲ. ಮುಂದಿನ ವರ್ಷ ಹೇಗೆ ಹುರಿದುಂಬಿಸಲಿ?
– ಶಿಕ್ಷಕ, ಕೆಂಗೇರಿ ಸಮೀಪ

ಉತ್ತರ: ನಿಮ್ಮ ಪತ್ರವನ್ನು ಓದಿ ಬಹಳ ಹೊತ್ತು ಅದನ್ನೇ ಯೋಚಿಸಿದೆ, ಏಕೆಂದರೆ ನೀವು ಹೇಳಿದ್ದು ಒಂದು ಶಾಲೆಯ ಕಥೆಯಲ್ಲ. ನಮ್ಮ ಶಾಲಾ ಸ್ಪರ್ಧೆಗಳು ಬಹುತೇಕ ನಾಕೌಟ್ ಪದ್ಧತಿಯಲ್ಲಿ ನಡೆಯುತ್ತವೆ. 32 ತಂಡಗಳು ಬಂದರೆ ಮೊದಲ ಸುತ್ತಿನಲ್ಲೇ 16 ತಂಡಗಳ ವರ್ಷ ಮುಗಿಯುತ್ತದೆ, ಎರಡನೇ ಸುತ್ತಿಗೆ ಇನ್ನೂ ಎಂಟು. ಹೀಗೆ ಮುಕ್ಕಾಲು ಪಾಲು ಮಕ್ಕಳು ಇಡೀ ವರ್ಷದಲ್ಲಿ ಆಡುವುದು ಒಂದು ಅಥವಾ ಎರಡು ಪಂದ್ಯ. ಒಂದೆರಡು ದಿನದಲ್ಲಿ, ಇರುವ ಒಂದೆರಡು ಅಂಕಣಗಳಲ್ಲಿ, ಅದೂ ಮಳೆಗಾಲದಲ್ಲಿ ಎಲ್ಲವನ್ನೂ ಮುಗಿಸಬೇಕಾದ ಸಂಘಟಕರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಸೋತ ಮಗುವಿಗೆ ತಾನು ಮಾಡಿದ ತಪ್ಪನ್ನು ಮುಂದಿನ ವಾರ ತಿದ್ದಿಕೊಳ್ಳುವ ಅವಕಾಶವೇ ಇಲ್ಲದ ವ್ಯವಸ್ಥೆಯಲ್ಲಿ ಆಟಗಾರರು ಬೆಳೆಯುವುದು ಕಷ್ಟ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಮ್ಮ ಮಕ್ಕಳಿಗೆ ಹುರಿದುಂಬಿಸುವ ಮಾತಿಗಿಂತ ಹೆಚ್ಚಾಗಿ ಬೇಕಾಗಿರುವುದು ಪಂದ್ಯಗಳು.

ಅದನ್ನು ಇಲಾಖೆಯ ವೇಳಾಪಟ್ಟಿಗೆ ಕಾಯದೆ ನೀವೇ ಒದಗಿಸಬಹುದು. ನಡೆದು ಹೋಗುವಷ್ಟು ದೂರದ ಇನ್ನು ಮೂರು ಶಾಲೆಗಳ ದೈಹಿಕ ಶಿಕ್ಷಕರೊಡನೆ ಮಾತನಾಡಿ. ನಾಲ್ಕು ತಂಡಗಳು ಲೀಗ್ ಮಾದರಿಯಲ್ಲಿ ಆಡಿದರೆ ಒಟ್ಟು ಆರು ಪಂದ್ಯಗಳಾಗುತ್ತವೆ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಎರಡೆರಡು ಪಂದ್ಯ ನಡೆಸಿದರೆ ಮೂರು ಶನಿವಾರಗಳಲ್ಲಿ ಒಂದು ಸುತ್ತು ಪೂರ್ಣಗೊಳ್ಳುತ್ತದೆ. ಇದೇ ಕ್ರಮದಲ್ಲಿ ಇನ್ನೊಂದು ಸುತ್ತು ಆಡಿಸಿದರೆ ಪ್ರತಿ ತಂಡಕ್ಕೂ ಆರು ಪಂದ್ಯಗಳು ಸಿಕ್ಕಿರುತ್ತವೆ. ಬಾಲಕರ ಕಬಡ್ಡಿ ಪಂದ್ಯವೆಂದರೆ ತಲಾ 20 ನಿಮಿಷಗಳ ಎರಡು ಅವಧಿ, ನಡುವೆ ಐದು ನಿಮಿಷ ವಿರಾಮ. ಎರಡು ಪಂದ್ಯಕ್ಕೆ ಎರಡು ಗಂಟೆ ಹಿಡಿದರೂ ಊಟದ ಹೊತ್ತು ಮೀರುವುದಿಲ್ಲ.

ಮೈದಾನವಿಲ್ಲದ ಶಾಲೆ ಕಬಡ್ಡಿಯನ್ನು ಆರಿಸಿಕೊಂಡಿರುವುದು ಸರಿಯಾಗಿಯೇ ಇದೆ. ಖೋ-ಖೋಗೆ 27 ಮೀಟರ್ ಉದ್ದ, 16 ಮೀಟರ್ ಅಗಲದ ಜಾಗ ಬೇಕು. ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲವಿದ್ದು ಸುತ್ತಲೂ ಬಯಲು ಬೇಕು. ಕಬಡ್ಡಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ ಸಾಕು. ಪ್ರಾರ್ಥನೆಯ ಅಂಗಳದಲ್ಲಿ ಅಷ್ಟು ಜಾಗ ಹೊಂದುವುದಾದರೆ ಸುಣ್ಣದ ಗೆರೆ ಎಳೆದುಬಿಡಿ. ಆದರೆ ನೆಲ ಸಿಮೆಂಟಿನದಾಗಿದ್ದರೆ ಅದರ ಮೇಲೆ ಹಿಡಿತ ಅಭ್ಯಾಸ ಮಾಡಿಸಲೇಬೇಡಿ. ರೇಡಿಂಗ್, ಬೋನಸ್ ಗೆರೆ ಮುಟ್ಟುವುದು, ಕೈಕೈ ಹಿಡಿದು ಸರಪಳಿಯಾಗಿ ಚಲಿಸುವುದು ಇವಿಷ್ಟನ್ನು ಅಲ್ಲಿ ಮಾಡಿಸಿ, ಹಿಡಿತವನ್ನು ಮಣ್ಣಿನ ಅಂಕಣವಿರುವ ಶಾಲೆಗೆ ಹೋದಾಗ ಕಲಿಸಿ. ಪಂದ್ಯಗಳಿಗೆ ಪಾಲಿಕೆಯ ಮೈದಾನವನ್ನೋ ಹತ್ತಿರದ ಕಾಲೇಜಿನ ಮೈದಾನವನ್ನೋ ಕೇಳುವುದಾದರೆ ಮುಖ್ಯೋಪಾಧ್ಯಾಯರ ಸಹಿಯ ಜೊತೆಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಸಹಿಯನ್ನೂ ಹಾಕಿಸಿ ಪತ್ರ ಕೊಡಿ. ಬೆಳಗಿನ ಹೊತ್ತು ವಾಕಿಂಗ್‌ನವರೂ ಕೋಚಿಂಗ್ ಶಿಬಿರದವರೂ ಇರುತ್ತಾರೆ, ಶನಿವಾರ ಮಧ್ಯಾಹ್ನ ಸಾಮಾನ್ಯವಾಗಿ ಜಾಗ ಸಿಗುತ್ತದೆ. ಸೆಪ್ಟೆಂಬರ್ ಈ ನಗರದಲ್ಲಿ ಅತಿ ಹೆಚ್ಚು ಮಳೆ ಬೀಳುವ ತಿಂಗಳಾದ್ದರಿಂದ ಒಂದು ಸುತ್ತನ್ನು ಜುಲೈ ಒಳಗೇ ಮುಗಿಸಿಕೊಂಡು, ಇನ್ನೊಂದನ್ನು ನವೆಂಬರ್‌ಗೆ ಇಟ್ಟುಕೊಳ್ಳುವುದು ಒಳ್ಳೆಯದು. ವಲಯ ಮಟ್ಟದಲ್ಲಿ ಸೋತ ಮಕ್ಕಳಿಗೆ ಆಗ ಮತ್ತೆ ಎದುರು ನೋಡಲು ಒಂದು ದಿನಾಂಕವಿರುತ್ತದೆ.

ಫಲಿತಾಂಶಗಳನ್ನು ಶಾಲೆಯ ಸೂಚನಾ ಫಲಕದಲ್ಲಿ ಬರೆಯಿಸಿ. ಯಾರ ವಿರುದ್ಧ ಆಡಿದೆವು, ಎಷ್ಟು ಅಂಕ, ಯಾರು ಎಷ್ಟು ರೇಡ್ ಮಾಡಿದರು ಎಂಬುದನ್ನು ಒಂಬತ್ತನೇ ತರಗತಿಯ ಒಬ್ಬ ಹುಡುಗನೋ ಹುಡುಗಿಯೋ ನೋಟ್‌ಬುಕ್‌ನಲ್ಲಿ ಗುರುತಿಸಲಿ. ಆಡಲಾಗದ ಮಕ್ಕಳಿಗೂ ತಂಡದಲ್ಲಿ ಕೆಲಸ ಸಿಗುತ್ತದೆ. ವರ್ಷದ ಕೊನೆಗೆ ನಿಮ್ಮ ರೇಡರ್ ಮೊದಲ ಪಂದ್ಯದಲ್ಲಿ ಎಷ್ಟು ಸಲ ಬರಿಗೈಯಲ್ಲಿ ಮರಳಿದ್ದ, ಕೊನೆಯ ಪಂದ್ಯದಲ್ಲಿ ಎಷ್ಟು ಸಲ ಎಂಬುದನ್ನು ಅವನಿಗೇ ತೋರಿಸಬಹುದು.

ಪ್ರಶ್ನೆ: ನನ್ನ ಮಗ 800 ಮೀಟರ್ ಓಟಗಾರ. ಡಿಸೆಂಬರ್ ಕೊನೆಯ ವಾರದಲ್ಲಿ ಹುಟ್ಟಿದ್ದರಿಂದ ಕೆಲವೇ ದಿನಗಳ ಅಂತರದಲ್ಲಿ 17ರ ಒಳಗಿನವರ ವಿಭಾಗ ತಪ್ಪಿಹೋಗಿದೆ. ದಾಖಲೆಯಲ್ಲಿ ಜನ್ಮದಿನಾಂಕ ತಿದ್ದಿಸಬಹುದು ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಸಲಹೆ ನೀಡಿ.
– ತಂದೆ, ವಿಜಯನಗರ

ಉತ್ತರ: ಆ ಮಾತಿಗೆ ಕಿವಿಗೊಡಬೇಡಿ. ಶಾಲಾ ಕೂಟಗಳಲ್ಲಿ ವಯಸ್ಸನ್ನು ಆ ವರ್ಷದ ಡಿಸೆಂಬರ್ 31ಕ್ಕೆ ಲೆಕ್ಕ ಹಾಕುವುದರಿಂದ ಡಿಸೆಂಬರ್‌ನಲ್ಲಿ ಹುಟ್ಟಿದ ಮಕ್ಕಳಿಗೆ ನಷ್ಟವಾಗುವುದು ನಿಜ, ನಿಮ್ಮ ಬೇಸರಕ್ಕೆ ಕಾರಣವಿದೆ. ಆದರೆ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ಎಸ್‌ಎಟಿಎಸ್ (ವಿದ್ಯಾರ್ಥಿಗಳ ವಿವರವಿರುವ ಶಿಕ್ಷಣ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ದಾಖಲೆ ಇವುಗಳಲ್ಲಿ ಒಂದನ್ನು ಬದಲಿಸಿದರೆ ಇನ್ನೊಂದು ಸಾಕ್ಷಿ ಹೇಳುತ್ತದೆ. ಕ್ರಿಕೆಟ್ ಮಂಡಳಿಯಂತೂ 16ರ ಒಳಗಿನ ಹುಡುಗರ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಎಲುಬಿನ ವಯಸ್ಸನ್ನೇ ಅಳೆಯುತ್ತದೆ. ಸಿಕ್ಕಿಬಿದ್ದರೆ ಶಿಕ್ಷೆ ಆಗುವುದು ಹುಡುಗನಿಗೆ, ಸಲಹೆ ಕೊಟ್ಟವರಿಗಲ್ಲ. ಸಿಕ್ಕಿಬೀಳದಿದ್ದರೂ ನಿಜವಾಗಿ ಚಿಕ್ಕವನಾದ ಇನ್ನೊಬ್ಬ ಹುಡುಗನ ಪದಕವನ್ನು ನಿಮ್ಮ ಮಗ ಕಸಿದಂತಾಗುತ್ತದೆ.

ಒಳ್ಳೆಯ ದಾರಿಯೊಂದು ತೆರೆದೇ ಇದೆ. ಅಥ್ಲೆಟಿಕ್ಸ್ ಫೆಡರೇಷನ್ನಿನ ಕೂಟಗಳಲ್ಲಿ 16, 18 ಮತ್ತು 20ರ ಒಳಗಿನವರ ವಿಭಾಗಗಳಿವೆ. ಶಾಲಾ ಕೂಟದಲ್ಲಿ 17 ದಾಟಿದ ಹುಡುಗ ಇಲ್ಲಿ 18ರ ಒಳಗಿನವರ ಜೊತೆ ಓಡಬಹುದು. ಕ್ಲಬ್ ಒಂದಕ್ಕೆ ಸೇರಿಸಿ, ರಾಜ್ಯ ಸಂಸ್ಥೆಯಲ್ಲಿ ನೋಂದಾಯಿಸಿ, ಕಂಠೀರವ ಕ್ರೀಡಾಂಗಣದ ಸಿಂಥೆಟಿಕ್ ಟ್ರ್ಯಾಕ್‌ನಲ್ಲಿ ಅವನ ಸಮಯವನ್ನು ಒಮ್ಮೆ ಸರಿಯಾಗಿ ಅಳೆಸಿ. ಮಣ್ಣಿನ ಮೈದಾನದಲ್ಲಿ ಬೆರಳೆಣಿಕೆಯ ಸುತ್ತಿನ ಮೇಲೆ ಅಂದಾಜಿಸಿದ ಸಮಯಕ್ಕೂ ಅದಕ್ಕೂ ವ್ಯತ್ಯಾಸ ಬರುತ್ತದೆ.

ಪ್ರಶ್ನೆ: ಹದಿಮೂರು ವರ್ಷದ ಮಗ ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲೂ ಕ್ಲಬ್‌ನಲ್ಲೂ ಆಡುತ್ತಾನೆ. ಜುಲೈನಿಂದ ಮಂಡಿಚಿಪ್ಪಿನ ಕೆಳಗೆ ನೋವು, ಸ್ವಲ್ಪ ಉಬ್ಬಿದೆ. ಪಂದ್ಯ ತಪ್ಪಿಸಬೇಕೇ?
– ಓದುಗರೊಬ್ಬರು, ಜಯನಗರ

ಉತ್ತರ: ಮೊದಲು ಮೂಳೆ ವೈದ್ಯರಿಗೆ ತೋರಿಸಿ. ವೇಗವಾಗಿ ಎತ್ತರ ಬೆಳೆಯುವ ಈ ವಯಸ್ಸಿನಲ್ಲಿ ತೊಡೆಯ ಸ್ನಾಯುವಿನ ಸ್ನಾಯುರಜ್ಜು ಮೊಳಕಾಲಿನ ಎಳೆಯ ಎಲುಬಿಗೆ ಅಂಟಿಕೊಂಡ ಜಾಗವನ್ನು ಪದೇ ಪದೇ ಎಳೆಯುವುದರಿಂದ ಇಂಥ ನೋವು ಜಿಗಿಯುವ ಆಟಗಳಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ, ಬೆಳವಣಿಗೆ ನಿಂತಂತೆ ಹೆಚ್ಚಿನವರಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಆದರೆ ಅದೇ ಎಂದು ತೀರ್ಮಾನಿಸಬೇಕಾದವರು ವೈದ್ಯರು. ಇಲ್ಲಿ ನನಗೆ ಕಾಣುವ ತೊಂದರೆ ಎರಡು ತಂಡಗಳ ಅಭ್ಯಾಸ ಒಂದೇ ತಿಂಗಳಲ್ಲಿ ಬಿದ್ದಿರುವುದು. ಶಾಲೆಯ ಮೇಷ್ಟ್ರಿಗೆ ಕ್ಲಬ್‌ನ ವೇಳಾಪಟ್ಟಿ ಗೊತ್ತಿರುವುದಿಲ್ಲ, ಕ್ಲಬ್‌ನ ಕೋಚ್‌ಗೆ ಶಾಲೆಯದು ಗೊತ್ತಿರುವುದಿಲ್ಲ, ಹುಡುಗ ಇಬ್ಬರಿಗೂ ಇಲ್ಲವೆನ್ನಲಾರ. ವಾರದ ಎರಡೂ ವೇಳಾಪಟ್ಟಿಗಳನ್ನು ಒಂದೇ ಹಾಳೆಯಲ್ಲಿ ಬರೆದು, ವೈದ್ಯರ ಚೀಟಿಯ ಪ್ರತಿಯೊಡನೆ ಇಬ್ಬರಿಗೂ ಕೊಡಿ. ಶಾಲಾ ಕೂಟಗಳು ಮುಗಿಯುವವರೆಗೆ ಕ್ಲಬ್‌ನಲ್ಲಿ ಅವನು ಜಿಗಿತವಿಲ್ಲದ ಅಭ್ಯಾಸ ಮಾತ್ರ ಮಾಡಲಿ: ಡ್ರಿಬ್ಲಿಂಗ್, ಪಾಸಿಂಗ್, ನಿಂತಲ್ಲಿಂದ ಫ್ರೀ ಥ್ರೋ. ನೋವು ಕುಂಟುವಷ್ಟಿದ್ದರೆ ಶಾಲೆಯ ಪಂದ್ಯವನ್ನೂ ಬಿಡಿಸಿ.