ಹ್ಯಾಂಡ್‌ಬ್ರೇಕ್ ಎಳೆದರೂ ಕಾರು ಸರಿಯುವುದೇಕೆ?

ಪ್ರಶ್ನೆ: ನಮ್ಮ ಹಳೇ ಕಾರಿಗೆ ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ ಇತ್ತು. ತೋಟದ ಏರಿನಲ್ಲಿ ನಿಲ್ಲಿಸಿದರೂ ಅಲುಗುತ್ತಿರಲಿಲ್ಲ. ಹೊಸದರಲ್ಲಿ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಕೈಯಿಂದ ಎಳೆಯುವ ಹ್ಯಾಂಡ್‌ಬ್ರೇಕೇ. ಮುಳ್ಳಯ್ಯನಗಿರಿ ಇಳಿದು ಬಂದು ಇಳಿಜಾರಿನಲ್ಲಿ ನಿಲ್ಲಿಸಿದರೆ ಕಾಲು ಗಂಟೆಯಲ್ಲಿ ಒಂದು ಗೇಣು ಮುಂದೆ ಹೋಗಿರುತ್ತದೆ. ಡಿಸ್ಕೇ ಮೇಲು ಎನ್ನುತ್ತಾರಲ್ಲ?
– ಓದುಗರು, ಚಿಕ್ಕಮಗಳೂರು

ಉತ್ತರ: ಓಡುವ ಕಾರು ನಿಲ್ಲಿಸಲು ಡಿಸ್ಕ್ ಮೇಲು. ನಿಂತ ಕಾರು ಹಿಡಿದಿಡಲು ಡ್ರಮ್ಮೇ ಮೇಲು. ಡ್ರಮ್‌ನಲ್ಲಿ ಚಕ್ರ ಉರುಳಲು ಹೊರಟರೆ ಒಂದು ಶೂ (ಡ್ರಮ್ಮನ್ನು ಒಳಗಿನಿಂದ ಒತ್ತುವ ಕಮಾನು) ತಾನಾಗಿಯೇ ಇನ್ನಷ್ಟು ಒತ್ತಿಕೊಳ್ಳುತ್ತದೆ. ಡಿಸ್ಕ್‌ನಲ್ಲಿ ಕೇಬಲ್ ಎಳೆದಷ್ಟೇ ಹಿಡಿತ. ಅದೂ ಅಲ್ಲದೆ ಘಾಟಿ ಇಳಿಯುವಾಗ ಕಾದು ಹಿಗ್ಗಿದ ಡಿಸ್ಕ್, ಅದನ್ನು ಎರಡೂ ಬದಿಯಿಂದ ಅದುಮುವ ಪ್ಯಾಡ್ ಆರುತ್ತಾ ಕುಗ್ಗುತ್ತವೆ, ಹಿಡಿತ ಸಡಿಲವಾಗುತ್ತದೆ. ನಿಮ್ಮ ಕಾರು ಕಾಲು ಗಂಟೆಯ ಮೇಲೆ ಸರಿಯುವುದು ಬಹುಪಾಲು ಇದರಿಂದಲೇ. ಡ್ರಮ್ ಇದಕ್ಕೆ ತಿರುಗುಮುರುಗು: ಆರಿದಾಗ ಶೂಗಳ ಮೇಲೆ ಇನ್ನೂ ಬಿಗಿಯುತ್ತದೆ.

ನಿಲ್ಲಿಸುವ ಕ್ರಮ ಹೀಗಿರಲಿ: ಕಾಲಿನ ಬ್ರೇಕ್ ಒತ್ತಿಕೊಂಡೇ ಹ್ಯಾಂಡ್‌ಬ್ರೇಕ್ ಬಲವಾಗಿ ಎಳೆಯಿರಿ, ಆಮೇಲೆ ಎಂಜಿನ್ ಆರಿಸಿ ಗೇರ್ ಹಾಕಿ. ಮೂತಿ ಏರಿಗಿದ್ದರೆ ಒಂದನೇ ಗೇರ್, ಇಳಿಜಾರಿಗಿದ್ದರೆ ರಿವರ್ಸ್. ಇಳಿಜಾರಿನ ಕಡೆಯಿಂದ ಟೈರಿಗೆ ಕಲ್ಲು ಕೊಡಿ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಎಳೆಯಿರಿ; ಒಂದೆರಡು ‘ಟಕ್’ ಹೆಚ್ಚಿಗೆ ಬಂದರೆ ಆರಿ ಸಡಿಲವಾಗಿತ್ತು ಎಂದೇ ಅರ್ಥ.

ತಣ್ಣಗಿದ್ದಾಗಲೂ ಸರಿದರೆ ಮೆಕ್ಯಾನಿಕ್‌ಗೆ ತೋರಿಸಿ, ಆದರೆ ಹ್ಯಾಂಡ್‌ಬ್ರೇಕ್ ಲಿವರ್ ಬುಡದ ನಟ್ಟನ್ನು ಸುಮ್ಮನೆ ಬಿಗಿ ಮಾಡಿಸಬೇಡಿ. ಕೇಬಲ್ ವಿಪರೀತ ಬಿಗಿಯಾದರೆ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಅದುಮುವ ಭಾಗ) ಮೇಲಿನ ಲಿವರ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಪ್ಯಾಡ್ ಉಜ್ಜುತ್ತಲೇ ಇರುತ್ತದೆ, ಸವೆದಷ್ಟೂ ತಾನಾಗಿ ಹೊಂದಿಕೊಳ್ಳುವ ಒಳಗಿನ ತಿರುಪೂ ಕೆಲಸ ನಿಲ್ಲಿಸುತ್ತದೆ. ಮೊದಲು ಪ್ಯಾಡ್ ನೋಡಬೇಕು, ಆ ಲಿವರ್ ಸರಾಗ ಆಡುತ್ತದೆಯೇ ನೋಡಬೇಕು, ಕೊನೆಗೆ ಕೇಬಲ್. ಇನ್ನೊಂದು ಮಾತು: ಕೇಬಲ್ ಎಳೆಯುವ ಇಂಥ ಹಿಂದಿನ ಕ್ಯಾಲಿಪರ್‌ನಲ್ಲಿ ಪ್ಯಾಡ್ ಒತ್ತುವ ಪಿಸ್ಟನ್, ಹೊಸ ಪ್ಯಾಡ್ ಹಾಕುವಾಗ ಸಾಮಾನ್ಯವಾಗಿ ತಿರುಗಿಸಿಯೇ ಒಳಗೆ ಹೋಗುವಂಥದ್ದು. ಮುಂದಿನ ಚಕ್ರದ ಕ್ಯಾಲಿಪರ್‌ನಂತೆ ಕ್ಲ್ಯಾಂಪ್ ಹಾಕಿ ಒತ್ತಿದರೆ ಒಳಗಿನ ತಿರುಪು ಹಾಳು.

ಪ್ರಶ್ನೆ: ಮಳೆಗಾಲದಲ್ಲಿ ವಾರ ನಿಲ್ಲಿಸಿದ ಕಾರಿನ ಹಿಂದಿನ ಚಕ್ರ ಕಚ್ಚಿಕೊಂಡಿದೆ. ಏನು ಮಾಡಲಿ?
– ಓದುಗರು, ಮೂಡಿಗೆರೆ

ಉತ್ತರ: ಡ್ರಮ್ ಇದ್ದರೆ ಶೂ ತುಕ್ಕಿಗೆ ಅಂಟಿರುತ್ತದೆ. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿ, ಗೇರಿನಲ್ಲಿ ನಿಧಾನ ಹಿಂದೆ ಮುಂದೆ ಆಡಿಸಿ. ‘ಟಣ್’ ಎಂದು ಬಿಡುತ್ತದೆ. ಬಿಡದಿದ್ದರೆ ಎಂಜಿನ್ ರೇಸ್ ಮಾಡಿ ಎಳೆಸಬೇಡಿ, ಶೂವಿನ ಲೈನಿಂಗ್ (ಮೇಲಿನ ಉಜ್ಜುವ ಪದರ) ಕಿತ್ತು ಬರುತ್ತದೆ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಚಕ್ರ ಬಿಚ್ಚಿ, ಡ್ರಮ್‌ನ ಅಂಚಿಗೆ ಸುತ್ತಲೂ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿಸಿ. ಸಮತಟ್ಟಾದ ಶೆಡ್ಡಿನಲ್ಲಿ ವಾರಗಟ್ಟಲೆ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಬೇಡ. ಗೇರ್ ಹಾಕಿ, ಚಕ್ರದ ಎರಡೂ ಕಡೆ ಕಲ್ಲು ಕೊಟ್ಟರೆ ಸಾಕು.